ಎರಡ್ ಸಲ ಬಂದ ಎಂಟನೇ ತಿಂಗಳು

ಜಮಖಂಡಿ ರಾಜಶ್ರೀ ಹೊಟ್ಟ್ಯಾಗಿದ್ದ ಕೂಸಿಗೆ ಏಳನೇ ತಿಂಗಳ ಬರಲೇ ಇಲ್ಲ ನೋಡ್ರಿ. ಆರಾತು, ಆಮ್ಯಾಲ ಸೀದಾ ಎಂಟಾತು, ಎಂಟ ಮುಗದ ಮ್ಯಾಲ ಮತ್ತ ಎಂಟಾತು. ದೇವರ ಲೆಕ್ಕ ತಪ್ಪಿರಲಿಲ್ಲ, ಡಾಕ್ಟರಬಾಯಿ ಲೆಕ್ಕಾನೂ ತಪ್ಪಿರಲಿಲ್ಲ. ಈ ಲೆಕ್ಕ ಹಾಕಿದಾಕಿ ರಾಜಶ್ರೀನ. ಆಕಿ ಗಂಡ ಬಸವಕುಮಾರ ಹೈಸ್ಕೂಲಿನ್ಯಾಗ ಗಣಿತದ ಮಾಸ್ತರ, ಅದೊಂದು ಬ್ಯಾರೆ ಮಜಾ.

ಯಾಕ ಹಿಂಗ ಮಾಡಿದ್ಳು ಅಂದ್ರ, ಹಿಂದಿಂದ ಹೇಳಬೇಕು. ಮೊದಲನೇ ಮಗಳು ಐಶ್ವರ್ಯಾ ಹುಟ್ಟಿದ್ದು ಮೇ ತಿಂಗಳದಾಗ, ಚಿಮ್ಮಡದ ತವರ ಮನ್ಯಾಗ. ರಾಜಶ್ರೀ ಅವ್ವ ಮುತ್ತವ್ವ ಬಾಣಂತನ ಮಾಡೂದ್ರಾಗ ಭಾಳ ಹೆಸರ ಮಾಡಿದಾಕಿ. ಹೊರಗ ಬಿಸಲು ಕೆಂಡ, ಒಳಗ ಹೊರಸಿನ ಕೆಳಗ ಖರೇನ ಕೆಂಡ. ತಲಿಗೆ ಉಣ್ಣಿ ಟೊಪಗಿ, ಕಿವ್ಯಾಗ ಹತ್ತಿ. ಯಾರೂ ಮರ್ತು ಒತ್ತಬಾರದಂತ ಫ್ಯಾನಿನ ಗುಂಡಿ ಮ್ಯಾಲ ಗಾಯಕ್ಕ ಹಚ್ಚೂ ಪಟ್ಟಿ ಹಚ್ಚಿಬಿಟ್ಟಿದ್ಳು. ನೀರ ಕೇಳಿದ್ರ ಕಾಸಿದ ನೀರು, ಅದೂ ಸಣ್ಣ ಬಟ್ಟಲದಾಗ, ಗುಬ್ಬಿಮರಿಗೆ ಕೊಟ್ಟಂಗ. ಅಂಟಿನ ಉಂಡಿ ತಿನ್ನು, ಅಳವಿ ಪಾಯಸ ಕುಡಿ, ಬಳ್ಳೊಳ್ಳಿ ನುಂಗು. ಬಾಗಲದಾಗ ನಿಂತ್ರ "ಗಾಳಿ ಹೊಕ್ಕೈತಿ", ಮೊಬೈಲ್ ನೋಡಿದ್ರ "ಕಣ್ಣ ಹೋಗ್ತಾವ". ಒಂದಿನಾ ಯಾಕೋ ಖುಷಿಲೆ ನಕ್ಕ್ರ "ನಗಬ್ಯಾಡ, ನರ ಸಡಲ ಆಗ್ತಾವ" ಅಂತ ಬೈಸಿಕೊಂಡಿದ್ಳು. ಐದ ತಿಂಗಳ ಆಕಿನ್ನ ಹಸಿ ಶೇಂಗಾ ಹುರದಂಗ ಹುರದು, ಹೊರಗ ಬಿಟ್ಟಳು.

ಅದಕ್ಕ ಎರಡನೇದ್ದು ನಿಂತೈತಿ ಅಂತ ಗೊತ್ತಾದ ಕೂಡ್ಲೆ ರಾಜಶ್ರೀ ಗಂಡಗ ಹೇಳಿದ್ಳು: "ಏನ್ರಿ, ಈ ಸಲ ನಾ ಎಲ್ಲೂ ಹೋಗಾಕಿ ಅಲ್ಲ. ನನ್ನ ಮನಿ, ನನ್ನ ಮಂಚ, ನನ್ನ ಫ್ಯಾನು. ಬ್ಯಾನಿ ಬಂದ್ರ ಇಲ್ಲೇ ದವಾಖಾನಿ ಐತಿ."

"ಅದನ್ನ ನಿಮ್ಮವ್ವಗ ಯಾರ ಹೇಳ್ತಾರ?"

"ನಿಮ್ಮವ್ವಗ ಯಾರ ಹೇಳ್ತಾರ ಅದನ್ನ ಕೇಳ್ರಿ ಮೊದಲ."

ಖರೆ. ಅತ್ತಿ ಸಾವಿತ್ರೆವ್ವ ತನ್ನೂರು ರನ್ನ ಬೆಳಗಲ್ಯಾಗ ಕುಂತು "ಮೊದಲನೇದ್ದು ತವರ ಮನಿ, ಎರಡನೇದ್ದು ನಮ್ಮ ಮನಿ" ಅಂತ ಆಗಲೇ ಊರ ತುಂಬ ಹೇಳಿದ್ಳು. ಮುತ್ತವ್ವ ಕೆಂಡದಾಕಿ ಆದ್ರ ಸಾವಿತ್ರೆವ್ವ ಹೊಗಿಯಾಕಿ. ಬೇವಿನ ತಪ್ಪಲಾ, ಬಳ್ಳೊಳ್ಳಿ ಸಿಪ್ಪಿ, ಅಜವಾನ ಸುಟ್ಟು ಹೊಗಿ ಹಾಕಿದ್ಳು ಅಂದ್ರ ಗ್ವಾಡಿ ಮ್ಯಾಲಿನ ಹಲ್ಲಿ ಸೈತ ಮನಿ ಬಿಡ್ತಿತ್ತು.

ಸೀದಾ "ಬರೂದಿಲ್ಲ" ಅಂತ ಹೇಳಿದ್ರ ಆಗತಿತ್ತಲ್ಲ ಅಂತೀರಿ. ಹೇಳಿ ನೋಡಿದ್ಳಲ್ಲ! ಮುತ್ತವ್ವ ಫೋನಿನ್ಯಾಗ ಎಂಥಾ ಅಳು ಹಚ್ಚಿದ್ಳು ಅಂದ್ರ, ಚಿಮ್ಮಡದ ಬಾಜೂ ಮನಿಯವರು ಯಾರೋ ಹೋಗಿಬಿಟ್ಟರು ಅಂತ ತಿಳಕೊಂಡು ಓಡಿ ಬಂದಿದ್ರು. ಅತ್ತಿ ಅಳಲಿಲ್ಲ, ಊಟ ಬಿಟ್ಟಳು. ಇಬ್ಬರಿಗೂ "ಆತು ಬರ್ತೀನಿ" ಅಂದ ಮ್ಯಾಲೇ ಒಬ್ಬಾಕಿ ಕಣ್ಣ ಒರಸಿಕೊಂಡ್ಳು, ಒಬ್ಬಾಕಿ ರೊಟ್ಟಿ ಮುರದ್ಳು.

ಇನ್ನ ರಾಜಶ್ರೀ ಏನ ಮಾಡಬೇಕು? ನಮ್ಮ ಕಡೆ ಒಂದ ರೂಢಿ ಐತಲ್ಲ, ಬಸರಿ ಹೆಣ್ಣಮಗಳನ್ನ ಕರ್ಕೊಂಡ ಹೋಗೂದು ಬೆಸ ತಿಂಗಳದಾಗ. ಏಳರಾಗ ಒಯ್ಯಬೇಕು, ಇಲ್ಲಾ ಒಂಬತ್ತರಾಗ ಒಯ್ಯಬೇಕು. ಸರಿ ತಿಂಗಳದಾಗ ಊರ ಸೀಮಿ ದಾಟಿಸಬಾರದು, ಅದರಾಗೂ ಎಂಟನೇ ತಿಂಗಳು ಅಂದ್ರ ಹಿರ್ಯಾರು ಹೆಸರ ತಗೊಳ್ಳಾಕೂ ಅಂಜತಾರ. ರಾಜಶ್ರೀ ತಲಿ ಓಡಿತು. ಏಳು ಬರದಿದ್ರ? ಒಂಬತ್ತು ಬರದಿದ್ರ?

ಸಂಕ್ರಮಣಕ್ಕ ಇಬ್ಬರೂ ಎಳ್ಳ ಹೋಳಿಗಿ ತಗೊಂಡ ಬಂದ್ರು. ಖರೇ ನೋಡಿದ್ರ ಏಳು ನಡದಿತ್ತು. "ಎಷ್ಟ ಬೇ?" ಅಂತ ಮುತ್ತವ್ವ ಕೇಳಿದ್ಳು. "ಆರು" ಅಂದ್ಳು ರಾಜಶ್ರೀ, ಕಣ್ಣ ಪಿಳಕಿಸದ. ಮಾಸ್ತರ ಕೈಯಾನ ಹೋಳಿಗಿ ಅಲ್ಲೇ ನಿಂತಿತು, ಬಾಯಿಗೆ ಹೋಗಲಿಲ್ಲ.

ಭಾರತ ಹುಣ್ಣಿಮಿಗೆ ಇಬ್ಬರೂ ಲೆಕ್ಕಾ ಹಾಕಿ "ಈಗ ಏಳು" ಅಂತ ಬಂದ್ರು. ಮುತ್ತವ್ವ ಅಂತೂ ಕ್ರೂಸರ್ ಗಾಡಿ ಬಾಡಿಗಿಗೆ ಹಿಡಕೊಂಡ ಬಂದಿದ್ಳು, ಒಳಗ ಹಾಸಗಿ ಹಾಸಿ.

"ಎಂಟಂತ ಬೇ" ಅಂದ್ಳು ರಾಜಶ್ರೀ, ಮಾರಿ ಸಣ್ಣದ ಮಾಡಿ. "ಸ್ಕ್ಯಾನಿಂಗ್ ಮಾಡಿಸಿದ್ವಿ. ಒಂದ ತಿಂಗಳ ಮುಂದ ಐತಂತ ಕೂಸು."

"ಮಷೀನಿಗೆ ಏನ ತಿಳಿತೈತಿ, ಹಾಳಾದ್ದು!" ಅಂತ ಮುತ್ತವ್ವ ಬೈದ್ಳು ಖರೆ, ಎಂಟು ಅನ್ನೂದ ಕಿವಿಗೆ ಬಿದ್ದ ಮ್ಯಾಲ ಒಯ್ಯೂ ಧೈರ್ಯ ಯಾರಿಗೈತಿ? ಹಾಸಗಿ ಸುತ್ತಿ ಖಾಲಿ ಗಾಡಿ ಚಿಮ್ಮಡಕ್ಕ ಹೋತು.

ಹೋಳಿ ಹುಣ್ಣಿಮಿಗೆ ಫೋನು. ಅತ್ತಿ ಲೈನಿನ ಮ್ಯಾಲ. "ರಾಜಶ್ರೀ, ಈಗ ಒಂಬತ್ತಲ್ಲ? ನಾಳಿಗೆ ಬರ್ತೀವಿ ನೋಡ."

"ಇಲ್ರೀ ಅತ್ತಿ, ಮತ್ತ ಸ್ಕ್ಯಾನಿಂಗ್ ಆತ್ರಿ. ಅವತ್ತ ಕೂಸು ಕಾಲ ಚಾಚಿತ್ತಂತ್ರಿ, ಅದಕ್ಕ ಉದ್ದ ಕಂಡಿತ್ತಂತ. ಈಗ ಮಡಚಿಕೊಂಡೈತಿ. ಈಗ ಎಂಟಂತ್ರಿ."

ಆ ಕಡೆ ಸಾವಿತ್ರೆವ್ವ ಫೋನ್ ಇಟ್ಟಳು. ಈ ಕಡೆ ಮಾಸ್ತರ ತಲಿ ಹಿಡಕೊಂಡ ಕುಂತ. "ಆರು, ಎಂಟು, ಎಂಟು. ಹುಡುಗರು ಹಿಂಗ ಬರದ್ರ ನಾ ಸೊನ್ನಿ ಕೊಡ್ತೀನಿ ನೋಡ" ಅಂದ.

"ನೀವು ಹಡೀರಿ ಹಂಗಾರ, ಬರೋಬ್ಬರಿ ಲೆಕ್ಕದಾಗ" ಅಂದ್ಳು ಹೆಂಡ್ತಿ. "ಯಾರ ಕೇಳಿದ್ರೂ ಎಂಟು ಅನ್ನಬೇಕು. ನಾ ಕೇಳಿದ್ರೂ ಎಂಟು. ತಿಳೀತಿಲ್ಲೋ?"

"ತಿಳೀತು."

ಆ ಹೊತ್ತಿಗೆ ಚಿಮ್ಮಡದಿಂದ ಬೆಳಗಲಿಗೆ ಒಂದ ಫೋನ್ ಹೋತು. ಲಗ್ನ ಆದಾಗಿಂದ ಬೀಗತ್ಯಾರು ಇಬ್ಬರೂ ಒಂದ ಮಾತಿಗೆ ಒಪ್ಪಿದ್ದ ಯಾರೂ ಕಂಡಿರಲಿಲ್ಲ. ಅವತ್ತ ಒಪ್ಪಿದ್ರು.

ಯುಗಾದಿ ಇನ್ನ ಮುಂದಿತ್ತು. ಒಂದಿನಾ ರಾಜಶ್ರೀ ಮುಂಜಾನಿ ರೊಟ್ಟಿ ಬಡಿಯಾಕ ನಿಂತಾಗ ಸೊಂಟದಾಗ ಚಳಕ ಹೊಡೀತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಬ್ಯಾನಿ ಅಂತ ತಿಳೀತು ಆಕಿಗೆ, ಎರಡನೇ ಸಲ ಹಡಿಯಾಕಿ ನೋಡ್ರಿ. ದವಾಖಾನಿ ಚೀಲ ಮಂಚದ ಕೆಳಗ ತಯಾರಿತ್ತು. ಗಂಡಗ ಫೋನ್ ಹಚ್ಚಬೇಕು ಅನ್ನೂದ್ರಾಗ ಬಾಗಲದಾಗ ಚಪ್ಪಲ ಸಪ್ಪಳ. ಒಬ್ಬಾಕಿ ಬನಹಟ್ಟಿ ಬಸ್ಸಿಂದ, ಒಬ್ಬಾಕಿ ಮುಧೋಳ ಬಸ್ಸಿಂದ, ಜೋಡಿ ಪೊಲೀಸರಂಗ ಒಳಗ ಬಂದ್ರು.

ಮುತ್ತವ್ವ ನೀರೂ ಕುಡೀಲಿಲ್ಲ. ಮಗಳ ಹೊಟ್ಟಿ ಮ್ಯಾಲ ಕೈ ಇಟ್ಟಳು. "ಬೀಗತ್ಯಾರ, ಇದು ಎಂಟರ ಹೊಟ್ಟಿ ಅನಸ್ತೈತೇನ್ರಿ ನಿಮಗ?"

ಸಾವಿತ್ರೆವ್ವ ದೂರ ನಿಂತು, ಕಣ್ಣ ಸಣ್ಣ ಮಾಡಿ, ಸಂತ್ಯಾಗ ಕುಂಬಳಕಾಯಿ ನೋಡಿದಂಗ ನೋಡಿದ್ಳು. "ಎಂಟ ಇದ್ರ ಅವಳಿ ಇರಬೇಕ್ರಿ."

"ಇರಬಹುದ್ರಿ ಅತ್ತಿ" ಅಂದ್ಳು ರಾಜಶ್ರೀ ಗಡಬಡಿಸಿ.

"ಒಂಬತ್ತ ಇದ್ರ ಹೇಳಿಬಿಡ ಬೇ" ಅಂದ್ಳು ಮುತ್ತವ್ವ. "ಕ್ರೂಸರನವಗ ಹೇಳಿಟ್ಟೀನಿ. ಒಂದ ಫೋನ್ ಮಾಡಿದ್ರ ಬಾಗಲಿಗೆ ಬರ್ತಾನ, ಸಂಜೀಕ ಚಿಮ್ಮಡದಾಗ ಇರ್ತಿ."

"ಚಿಮ್ಮಡ ಯಾಕ್ರಿ? ಬೆಳಗಲಿ" ಅಂದ್ಳು ಸಾವಿತ್ರೆವ್ವ.

"ಎಂಟ ಬೇ, ಎಂಟರಿ ಅತ್ತಿ" ಅಂದ್ಳು ರಾಜಶ್ರೀ. ಹೇಳೂದ್ರಾಗ ಬ್ಯಾನಿ ಬಂತು. ಚೀರಬೇಕು, ಚೀರೂ ಹಂಗಿಲ್ಲ. ಬಾಯಾಗ ಬಂದದ್ದನ್ನ ಹೆಂಗರೆ ಮಾಡಿ ತಿರುಗಿಸಿದ್ಳು. "ಐ... ಐಶೂ!"

ಅಂಗಳದಾಗ ಆಡಾಕತ್ತಿದ್ದ ಐಶ್ವರ್ಯಾ ಓಡಿ ಬಂತು. "ಏನ ಬೇ?"

"ಏನಿಲ್ಲ. ಹೋಗು, ಆಡ ಹೋಗು."

ಮೂರು ಗಂಟೆ ಬಸ್ಸಿಗೆ ಇವರು ಹೊಂಟ್ರ ಸಾಕಿತ್ತು ಆಕಿಗೆ. ಆದ್ರ ಹೆಣ್ಣಮಕ್ಕಳು ಹೊಂಡೂದಂದ್ರ ಅಷ್ಟ ಸರಳೇನು? ಚಾ ಆತು, ಊಟ ಆತು, ಮತ್ತ ಚಾ ಆತು. ಬ್ಯಾನಿ ಬಂದಾಗೊಮ್ಮೆ ರಾಜಶ್ರೀ "ಐಶೂ!" ಅಂತ ಒದರೂದು, ಹುಡುಗಿ ಬರೂದು, "ಏನಿಲ್ಲ ಹೋಗು" ಅನ್ನೂದು.

"ಸುಮ್ನ ಕರೀತಾಳ ಆಯಿ, ಮುಂಜಾನಿಯಿಂದ ಹಿಂಗ ಮಾಡಾಕತ್ತಾಳ" ಅಂತ ಹುಡುಗಿ ಅಳು ಮಾರಿ ಮಾಡಿತು.

"ಇರಲಿ ಬಿಡವಾ, ಬಸರಿದ್ದಾಗ ಮೊದಲಿನ ಕೂಸಿನ ಮ್ಯಾಲ ಜೀವ ಜಾಸ್ತಿ ಆಗ್ತೈತಿ" ಅಂತ ಸಾವಿತ್ರೆವ್ವ ಸಮಾಧಾನ ಮಾಡಿದ್ಳು.

ಕಡೀಕ ಇಬ್ಬರೂ ಎದ್ದರು. ಸೆರಗ ಸರಿ ಮಾಡಿಕೊಂಡ್ರು, ಚಪ್ಪಲ ಮೆಟ್ಟಿದ್ರು. ರಾಜಶ್ರೀ ಬಾಗಲ ಚೌಕಟ್ಟ ಗಟ್ಟಿ ಹಿಡಕೊಂಡು ನಕ್ಕೋಂತ ನಿಂತಿದ್ಳು, ಇನ್ನ ನಾಕ ಹೆಜ್ಜಿ ಇವರು ಓಣಿ ದಾಟಿದ್ರ ಗೆದ್ದಂಗ. ಆಗ ಸಾವಿತ್ರೆವ್ವ "ತಡೀರಿ ಬೀಗತ್ಯಾರ, ಒಂದ ಎಲಿ ಹಾಕ್ಕೊಂಡ ಹೋಗೂಣು" ಅಂತ ಕಟ್ಟಿ ಮ್ಯಾಲ ಕುಂತ್ಳು. ಎಲಿಗೆ ಸುಣ್ಣ ಹಚ್ಚಾಕತ್ತಿದ್ಳು. ರಾಜಶ್ರೀ ಹೊಟ್ಟಿ ಹಿಡಕೊಂಡು ಹಿಂದೆಂದೂ ಒದರದಂಗ ಒದರಿದ್ಳು:

"ಐಶೂsss! ಐಶೂsss!"

ಓಣಿಯಾನ ನಾಯಿ ಎದ್ದ ನಿಂತ್ವು. ಮುತ್ತವ್ವ ತಿರುಗಿ ನೋಡಿದ್ಳು.

"ಯಾಕ ಬೇ ಒದರ್ತಿ? ಹುಡುಗಿ ನಿನ್ನ ಮುಂದ ನಿಂತೈತಲ್ಲ!"

ಖರೇನ, ಐಶ್ವರ್ಯಾ ಅವ್ವನ ಸೀರಿ ಸೆರಗ ಹಿಡಕೊಂಡ ನಿಂತಿತ್ತು.

"ಯವ್ವಾ" ಅಂದ್ಳು ರಾಜಶ್ರೀ. "ಬ್ಯಾನಿ."

ಸಾವಿತ್ರೆವ್ವನ ಕೈಯಾನ ಎಲಿ ಕೆಳಗ ಬಿತ್ತು. ಮುತ್ತವ್ವ ಅಲ್ಲೇ ನೆಲಕ್ಕ ಕುಂತ್ಳು. "ಎಂಟರಾಗ! ಅಯ್ಯೋ ನನ್ನಪ್ಪಾ, ಎಂಟರಾಗ ಬ್ಯಾನಿ! ತಡಕೋ ಬೇ, ಇನ್ನೊಂದ ತಿಂಗಳ ತಡಕೋ!"

"ಎಂಟ ಅಲ್ಲ ಬೇ, ಒಂಬತ್ತ ತುಂಬ್ಯಾವ!"

"ಪಾಪ, ಬ್ಯಾನಿಗೆ ಏನೇನೋ ಬಡಬಡಸಾಕತ್ತಾಳ" ಅಂತ ಸಾವಿತ್ರೆವ್ವ ಕಣ್ಣಾಗ ನೀರ ತಂದ್ಳು.

"ಖರೇನ ಒಂಬತ್ರಿ! ನಾನ ಸುಳ್ಳ ಹೇಳಿದ್ನಿ. ನಿಮ್ಮ ಮಗನ್ನ ಕೇಳ್ರಿ!"

ಸಾವಿತ್ರೆವ್ವ ಮಗಗ ಫೋನ್ ಹಚ್ಚಿ ಸ್ಪೀಕರ್ ಇಟ್ಟಳು. ಮಾಸ್ತರ ಹತ್ತನೇ ಕ್ಲಾಸಿನ್ಯಾಗಿದ್ದ.

"ಬಸೂ, ರಾಜಶ್ರೀಗೆ ಎಷ್ಟರಾಗ ಐತೋ?"

"ಎಂಟ ಬೇ" ಅಂದ ಮಾಸ್ತರ, ಕಲಿಸಿದ ಗಿಣಿ ಅಂದಂಗ.

"ಖರೆ ಹೇಳ್ರೀ!" ಅಂತ ರಾಜಶ್ರೀ ಚೀರಿದ್ಳು.

ಮಾಸ್ತರಗ ಅನಸಿತು, ಹೆಂಡ್ತಿ ತನ್ನ ಪರೀಕ್ಷಾ ಮಾಡಾಕತ್ತಾಳ ಅಂತ. ನಾ ಕೇಳಿದ್ರೂ ಎಂಟು ಅನ್ನು ಅಂದಿದ್ಳಲ್ಲ. "ಖರೇನ ಎಂಟ. ಯಾರ ಕೇಳಿದ್ರೂ ಎಂಟ" ಅಂದ.

"ರೀ! ನನಗ ಬ್ಯಾನಿ ಬಂದಾವ್ರೀ!"

ಆ ಕಡೆ ಹುಡುಗರು ಕಿಸಿಕಿಸಿ ನಕ್ಕದ್ದ ಕೇಳಿಸಿತು. "ಹಂಗಾರ ಒಂಬತ್ತ" ಅಂದ ಮಾಸ್ತರ.

ಮುತ್ತವ್ವ ನೆಲದಿಂದ ಎದ್ದಳು. ಆ ಏಳೂದ ನೋಡಬೇಕಿತ್ತು ನೀವು. ಹೆದರಿಕಿ ಎಲ್ಲಾ ಹೋಗಿ ಸಿಟ್ಟ ಬಂದಿತ್ತು, ಸಿಟ್ಟಿನ ಹಿಂದ ಕೆಲಸ ನೆನಪಾಗಿತ್ತು. "ನಿನ್ನ ಲೆಕ್ಕ ಆಮ್ಯಾಲ ನೋಡ್ತೀನಿ. ಬೀಗತ್ಯಾರ, ಆಟೋ ಕರೀರಿ. ಐಶೂ, ಚಪ್ಪಲ ಮೆಟ್ಟು. ಚೀಲ ಎಲ್ಲೈತಿ?"

"ಮಂಚದ ಕೆಳಗ."

"ಚೀಲ ಸೈತ ತಯಾರ ಮಾಡಿಟ್ಟಾಳ ಹಲ್ಕಟ್!"

ದೀಪ ಹಚ್ಚೂ ಹೊತ್ತಿಗೆ ಹೆಣ್ಣ ಕೂಸು ಹುಟ್ಟಿತು. ಗುಂಡಗ, ತಲಿ ತುಂಬ ಕೂದಲ. ಸಾವಿತ್ರೆವ್ವ ಎತ್ತಿಕೊಂಡು ಎರಡ ಸಲ ಜೋಕಾಲಿ ಆಡಿಸಿದಂಗ ತೂಗಿ ನೋಡಿದ್ಳು. "ಎಂಟಂತ ಎಂಟು! ಇದಕ್ಕ ನಾಳಿಗೆ ಸಾಲಿಗೆ ಹೆಸರ ಹಚ್ಚಬಹುದು" ಅಂದ್ಳು. ಮಾಸ್ತರ ಬಂದವನು ಮೂಲ್ಯಾಗ ನಿಂತಾವ ಅಲ್ಲೇ ನಿಂತ. ಇಬ್ಬರು ಹೆಣ್ಣಮಕ್ಕಳೂ ಅವನ ಕಡೆ ನೋಡಲೇ ಇಲ್ಲ.

ರಾಜಶ್ರೀ ಮಲಕೊಂಡಲ್ಲೆ ಲೆಕ್ಕ ಹಾಕಿದ್ಳು. ಹಸಿ ಬಾಣಂತಿನ್ನ, ಎಳೀ ಕೂಸಿನ್ನ ಬ್ಯಾರೆ ಊರಿಗೆ ಒಯ್ಯಾಕ ಬರೂದಿಲ್ಲ, ಅದೂ ಹಿರ್ಯಾರ ರೂಢಿನ. ಅಂದ್ರ ಚಿಮ್ಮಡ ಇಲ್ಲ, ಬೆಳಗಲಿ ಇಲ್ಲ. ನನ್ನ ಮನಿ, ನನ್ನ ಮಂಚ, ನನ್ನ ಫ್ಯಾನು. ಬೈಸಿಕೊಂಡ್ರೂ ಗೆದ್ದಿದ್ಳು. ದವಾಖಾನಿಯಿಂದ ಆಟೋದಾಗ ಬರೂವಾಗ ಒಬ್ಬಾಕಿನ ನಗಾಕತ್ತಿದ್ಳು.

"ನಗಬ್ಯಾಡ, ನರ ಸಡಲ ಆಗ್ತಾವ" ಅಂದ್ಳು ಮುತ್ತವ್ವ.

ಮನಿ ಬಾಗಲ ತೆಗದ್ರು. ಆಕಿ ಮಂಚದ ತಲಿಗಡೆ ಒಂದ ಅಗ್ಗಿಷ್ಟಿಗಿ, ಕಾಲಗಡೆ ಒಂದ ಅಗ್ಗಿಷ್ಟಿಗಿ. ಒಂದ ಚಿಮ್ಮಡದ್ದು, ಒಂದ ಬೆಳಗಲಿದ್ದು. ಗ್ವಾಡಿಗೆ ಎರಡ ಚೀಲ ಇದ್ದಿಲ ಆನಿಸಿ ಇಟ್ಟಿದ್ರು. ಅವಳಿ ಇರಬಹುದು ಅಂತ ತಾನ ಹೇಳಿದ್ಳಲ್ಲ, ಹುಟ್ಟಿದ್ದ ಒಂದ ಆದ್ರೂ ಇಬ್ಬರೂ ಊರಿಂದ ಅವಳಿ ಲೆಕ್ಕದಾಗ ಅಂಟು, ಕೊಬ್ರಿ, ಉತ್ತತ್ತಿ ತರಿಸಿದ್ರು. ಡಬ್ಬಿಗಳ ಸಾಲ ನೋಡಿದ್ರ ಅಂಗಡಿ ಇಟ್ಟಂಗಿತ್ತು. ರಾಜಶ್ರೀ ಮೆಲ್ಲಕ ಮ್ಯಾಲ ನೋಡಿದ್ಳು. ಫ್ಯಾನ್ ಇದ್ದ ಜಾಗಾದಾಗ ಬರೇ ಕೊಂಡಿ.

"ಯಾರ ಬಿಚ್ಚಿದ್ರಿ?"

"ನಾನ" ಅಂದ ಮಾಸ್ತರ, ನೆಲ ನೋಡಿಕೋಂತ. "ಇಬ್ಬರೂ ಕುರ್ಚಿ ಹಿಡದಿದ್ರು. ನಾ ಏನ ಮಾಡ್ಲಿ?"

ಬೀಗತ್ಯಾರ ನಡುವ ಜಗಳ ಬರ್ತೈತಿ, ಒಬ್ಬಾಕಿ ಆದ್ರೂ ಹೋಗ್ತಾಳ ಅಂತ ರಾಜಶ್ರೀ ಕಾಯ್ದಳು. ಬಂತು ಜಗಳ, ದಿನಾ ಬಂತು. ಪಾಯಸಕ್ಕ ಬೆಲ್ಲ ಎಷ್ಟು, ಕೂಸಿಗೆ ಎಣ್ಣಿ ಯಾವುದು ಅಂತ. ಜಗಳಾಡಿಕೋಂತ ಇಬ್ಬರೂ ಭಾಳ ದೋಸ್ತಿ ಆದ್ರು. ಮಧ್ಯಾಹ್ನ ಕೂಸಿನ್ನ ನಡುವ ಹಾಕ್ಕೊಂಡು, ಎಲಿ ಅಡಕಿ ಮೆಲಕೋಂತ, "ಕಾಲ ಮಡಚಿಕೊಂಡೈತಂತ್ರಿ ಬೀಗತ್ಯಾರ!" ಅಂತ ಹೊಟ್ಟಿ ಹಿಡಕೊಂಡ ನಗೂವ್ರು. ಅವರ ನರ ಮಾತ್ರ ಸಡಲ ಆಗಲಿಲ್ಲ.

ಬ್ಯಾಸಗಿ ಹೋತು. ಐಶ್ವರ್ಯಾನ ಸಾಲಿ ಸುರು ಆತು. ಆಕಿ ಅಂತೂ ಅಂಟಿನ ಉಂಡಿ ತಿಂದು ತಿಂದು, ಅವ್ವಗಿಂತ ಛಲೋ ಬಾಣಂತನ ಮಾಡಿಸಿಕೊಂಡ ಹುಡುಗಿ ಆಗಿತ್ತು. ಒಂದಿನಾ ರಾಜಶ್ರೀ, ಟೊಪಗಿ ಕೆಳಗ ಬೆವರ ಒರಸಿಕೋಂತ, ಅಂಜಿ ಅಂಜಿ ಕೇಳಿದ್ಳು.

"ಯವ್ವಾ, ಐದ ತಿಂಗಳಿಗೆ ಬಾಣಂತನ ಮುಗೀತೈತಲ್ಲ. ಈಗ ಎಷ್ಟನೇದ್ದು?"

"ಮೂರು" ಅಂದ್ಳು ಮುತ್ತವ್ವ, ಕೆಂಡ ಕೆದರಿಕೋಂತ.

"ಹೋದ ತಿಂಗಳೂ ಮೂರು ಅಂದಿದ್ದಿ ಬೇ!"

ಮುತ್ತವ್ವ ಬೀಗತಿ ಮಾರಿ ನೋಡಿದ್ಳು. ಸಾವಿತ್ರೆವ್ವ ತಪ್ಪಲಾ ಕೆಂಡದ ಮ್ಯಾಲ ಹಾಕಿ, ಹೊಗಿ ಏಳೂದ ಕಾಯ್ದು, ಸಾವಕಾಶ ಹೇಳಿದ್ಳು:

"ಹೋದ ತಿಂಗಳ ಕೂಸು ಕಾಲ ಚಾಚಿತ್ತವಾ. ಈಗ ಮಡಚಿಕೊಂಡೈತಿ."