ರುಚಿ ನೋಡಿದ್ದು ಊಟವಲ್ಲ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳು ಎಲ್ಲರಿಗೂ ಸೌಟಮ್ಮ. ಅವಳ ಕೈಯಲ್ಲಿ ಸೌಟಿಲ್ಲದ್ದನ್ನು ಕಂಡವರಿಲ್ಲ. ಈಗ ಅದನ್ನು ಕಿತ್ತುಕೊಂಡೇ ತೀರುತ್ತೇನೆಂದು ಅಲ್ಲೇ ಮ್ಯಾನೇಜರಾಗಿರುವ ಅವಳ ತಮ್ಮ ಕೈ ತೊಳೆದುಕೊಂಡು ಬೆನ್ನು ಹತ್ತಿದ್ದ. ಹೊಟ್ಟೆಯ ಆಸಿಡ್ ಮೇಲಕ್ಕೆ ನುಗ್ಗಿ ನುಗ್ಗಿ ಅವಳ ಅನ್ನನಾಳ ಹುಣ್ಣಾಗಿತ್ತು. ಎರಡು ತಿಂಗಳು ಮಾತ್ರೆ ನುಂಗಿದ ಮೇಲೂ ಎಂಡೋಸ್ಕೋಪಿಯಲ್ಲಿ ಹುಣ್ಣು ಇದ್ದಲ್ಲೇ ಇತ್ತು.

"ಖಾಲಿ ಹೊಟ್ಟೇಲೇ ತಗೊಂಡ್ರಾ?" ಡಾಕ್ಟರು ಕೇಳಿದರು.

"ಹೂಂ. ನಾನು ಊಟಕ್ಕೆ ಕೂರೋದೇ ಎಲ್ಲರದ್ದೂ ಆದ್ಮೇಲೆ. ಅದಕ್ಕೂ ಅರ್ಧ ಗಂಟೆ ಮುಂಚೆ."

ತಮ್ಮ ನಕ್ಕುಬಿಟ್ಟ. "ಖಾಲಿ ಹೊಟ್ಟೇನಾ? ಒಲೆ ಹಚ್ಚಿದಾಗಿಂದ ಪಾತ್ರೆ ಪಾತ್ರೆಯಿಂದಲೂ ಇವಳ ಬಾಯಿಗೆ ಹೋಗ್ತಾನೇ ಇರುತ್ತೆ, ಡಾಕ್ಟ್ರೇ."

"ಅದು ರುಚಿ ನೋಡೋದು ಕಣೋ. ಅದನ್ನ ಯಾರಾದ್ರೂ ಊಟ ಅಂತಾರಾ?"

ಅವಳು ನಿಜವಾಗಿಯೂ ಹಾಗೇ ನಂಬಿದ್ದಳು. ಅಡುಗೆಯವರೆಲ್ಲ ಹಾಗೇ. ಹೊಟ್ಟೆಗೆ ಈ ವ್ಯತ್ಯಾಸ ತಿಳಿಯುವುದಿಲ್ಲ ಎಂದರು ಡಾಕ್ಟರು. ಎದ್ದ ತಕ್ಷಣ ಮಾತ್ರೆ ನುಂಗಿ ಅರ್ಧ ಗಂಟೆ ಬಾಯಿ ಕಟ್ಟಬೇಕಂತೆ.

"ಆ ಅರ್ಧ ಗಂಟೇಲೇ ಮೊದಲ ಪಾಳಿಯವರ ಅಡುಗೆ ಆಗ್ಬೇಕು. ಬೇರೆ ಮಾತ್ರೆ ಇಲ್ವಾ?"

"ಇದೆ. ಹೊಸ ಜಾತಿಯದು. ಊಟಕ್ಕೆ ಮುಂಚೆಯೋ ಆಮೇಲೋ ಅನ್ನೋ ತಕರಾರಿಲ್ಲ. ನಿಮ್ಮದರಂಥ ದೊಡ್ಡ ಹುಣ್ಣು ಹೆಚ್ಚು ಜನರಿಗೆ ಇದರಲ್ಲೇ ವಾಸಿಯಾಗಿದೆ. ಆದರೆ ದುಬಾರಿ. ಹಳೇದರಷ್ಟು ವರ್ಷ ಬಳಸಿ ನೋಡಿದ್ದೂ ಅಲ್ಲ."

"ಸೌಟು ಬಿಟ್ಟರೆ ಈ ರಗಳೆಯೇ ಇರಲ್ಲ," ಎಂದ ತಮ್ಮ. "ಮುಂದಿನ ಸಲವೂ ಹುಣ್ಣು ಕಂಡರೆ ಅಡುಗೆಮನೆಗೆ ಹೊಸಬನನ್ನ ಹಾಕ್ತೀನಿ, ಅಕ್ಕ."

"ಆ ಸೌಟಿನಿಂದಲೇ ನಿನ್ನ ಓದಿಸಿದ್ದು. ಹೊಸ ಮಾತ್ರೆ ಬರೀರಿ, ಡಾಕ್ಟ್ರೇ."

ಅವಳು ಮಾತ್ರೆ ತಪ್ಪಿಸಲಿಲ್ಲ. ಮಂಚದ ತಲೆಯ ಕಡೆ ಇಟ್ಟಿಗೆ ಕೊಟ್ಟಳು, ಉಂಡ ಕೂಡಲೇ ಮಲಗುವುದನ್ನು ಬಿಟ್ಟಳು. ಸೌಟು ಮಾತ್ರ ಬಿಡಲಿಲ್ಲ. ರುಚಿ ನೋಡಿ ಉಗಿಯಲು ತಮ್ಮ ಒಂದು ಬಟ್ಟಲು ತಂದಿಟ್ಟ. ಖಾರ ತಿಳಿಯುವುದು ಗಂಟಲು ದಾಟಿದ ಮೇಲೆ ಎಂದು ಅವಳು ಅದರಲ್ಲಿ ಉಪ್ಪು ತುಂಬಿದಳು.

ಮತ್ತೆ ಎಂಡೋಸ್ಕೋಪಿಯಾಯಿತು. ದೊಡ್ಡ ಹುಣ್ಣುಗಳೆಲ್ಲ ಮುಚ್ಚಿದ್ದವು. ಒಂದು ಸಣ್ಣ ಗೀರು ಉಳಿದಿತ್ತು. ಇನ್ನೂ ಸ್ವಲ್ಪ ದಿನ ಇದೇ ಮಾತ್ರೆ, ಅದೂ ವಾಸಿಯಾಗುತ್ತದೆ ಎಂದರು ಡಾಕ್ಟರು.

ಹೊರಗೆ ಬಂದದ್ದೇ ತಮ್ಮ ಗಂಟು ಮುಖ ಹಾಕಿದ. "ಗೀರು ಇದೆಯಲ್ಲ. ನಾಳೆಯಿಂದ ಹೊಸಬ ಬರ್ತಾನೆ."

"ಬರಲಿ. ತರಕಾರಿ ಹೆಚ್ಚಲಿ."

"ಅಕ್ಕ, ಹಟ ಬಿಡು. ಅಮ್ಮನಿಗೂ ಹೀಗೇ ಉರಿ ಇತ್ತು. ಕೊನೆಗೆ ನೀರೂ ಇಳೀಲಿಲ್ಲ."

ಅವನ ದನಿ ಒಡೆಯಿತು. ಇಷ್ಟು ದಿನದ ಜಗಳದ ಬೇರು ಎಲ್ಲಿದೆ ಎಂದು ಅವಳಿಗೆ ಆಗ ತಿಳಿಯಿತು. ಆದರೂ ಅವಳು ಪಟ್ಟು ಸಡಿಲಿಸಲಿಲ್ಲ.

"ಅಮ್ಮ ಯಾರಿಗೂ ಹೇಳಲಿಲ್ಲ. ನೋವು ಅಂದರೆ ಮನೇಲಿ ಕೂರಿಸ್ತಾರೆ ಅಂತ ಹೆದರಿ ಬಾಯಿ ಮುಚ್ಕೊಂಡೇ ಹೋದಳು. ನಾನು ಹೇಳಿದ್ದೀನಿ, ಟ್ಯೂಬು ಇಳಿಸ್ಕೊಂಡಿದ್ದೀನಿ, ಮಾತ್ರೆಗೆ ಜಗಳ ಆಡಿದ್ದೀನಿ. ಹೇಳಿದ್ದಕ್ಕೆ ನೀನೂ ನನ್ನ ಕೂರಿಸಿಬಿಟ್ಟರೆ, ನಾಳೆ ಇನ್ಯಾವಳು ತಾನೇ ಬಾಯಿ ಬಿಡ್ತಾಳೆ?"

ಡಾಕ್ಟರು ಬರೆದ ಚೀಟಿಯನ್ನು ತಮ್ಮ ಅವಳ ಕೈಯಿಂದ ತೆಗೆದುಕೊಂಡು, ಮಾತ್ರೆ ತರಲು ಔಷಧಿ ಅಂಗಡಿಯ ಕಡೆ ನಡೆದ.