ಬಡಿತ ನಿಂತ ಛಾವಣಿ

"ಏಯ್ ಗುಂಡಿಕಪ್ಪೆಗಳಾ, ಬಡೀರೇ! ಕೈಯಾಗೆ ಜೀವ ಇಲ್ವೇನ್ರೇ?" ಅಂಗಳದಿಂದ ಇಂಜಿನಿಯರ್ ಲೂಸಿಯೊ ಕೂಗಿದ.

ಆತಿಜ ಮರದ ಬಡಿಗೆ ಎತ್ತಿ ಹಸಿ ಸುಣ್ಣದ ಮೇಲೆ ಕುಕ್ಕಿದಳು. ಛಾವಣಿಯ ಮೇಲೆ ಹದಿನಾಲ್ಕು ಹೆಂಗಸರು ಸಾಲಾಗಿ ಕೂತು ಒಂದೇ ತಾಳದಲ್ಲಿ ಬಡಿಯುತ್ತಿದ್ದರು. ಏಳು ದಿನ ನೀರು ಕುಡಿಸಿ ಬಡಿದರೆ ಸುಣ್ಣ ಕಲ್ಲಾಗುತ್ತದೆ. ನಡುವೆ ಒಂದು ಮಧ್ಯಾಹ್ನ ಕೈಬಿಟ್ಟರೂ ಬಿರಿಯುತ್ತದೆ. ಇದು ಐದನೆಯ ದಿನ.

ಮೇಲಿನಿಂದ ನೋಡಿದರೆ ಮೊಜಾಂಬಿಕ್ ದ್ವೀಪ ಎರಡಾಗಿ ಕಾಣುತ್ತಿತ್ತು. ಈ ಕಡೆ ಕಲ್ಲುಮನೆಗಳು. ಆ ಕಡೆ, ಈ ಕಲ್ಲುಗಳನ್ನು ಕಿತ್ತ ಗುಂಡಿಗಳು. ಕಿತ್ತವರ ಮೊಮ್ಮಕ್ಕಳು ಗುಂಡಿಯ ತಳದಲ್ಲೇ ತೆಂಗಿನ ಗರಿ ಹೊದಿಸಿಕೊಂಡು ಇದ್ದರು. ಹೋದ ವರ್ಷದ ಚಂಡಮಾರುತಕ್ಕೆ ಗರಿ ಹಾರಿ, ಗುಂಡಿಗೆ ನೀರು ತುಂಬಿತು. ಆತಿಜ ಮಗಳು ಮುವನಾಶಳನ್ನು ಎತ್ತಿಕೊಂಡು ಇದೇ ಮನೆಯ ಬಾಗಿಲು ಬಡಿದಿದ್ದಳು. ಒಳಗೆ ಕಾವಲುಗಾರನಿದ್ದ. ತೆಗೆಯಲಿಲ್ಲ. ಗಾಳಿ ನಿಲ್ಲುವ ಹೊತ್ತಿಗೆ ಮಗು ತಣ್ಣಗಾಗಿತ್ತು.

ಅದೇ ಗಾಳಿಗೆ ಈ ಮನೆಯ ಛಾವಣಿಯೂ ಕುಸಿದಿತ್ತು. ಹಳೇಮನೆ ಉಳಿಸುವ ಸಂಘದ ಕಾರ್ಯದರ್ಶಿ, ಆತಿಜಳ ತಮ್ಮ ಅಬಕಾರ, ಗುಂಡಿಗಿಳಿದು ಬಂದಿದ್ದ. "ಅಕ್ಕಾ, ಕೂಲಿ ಕೇಳ್ಬ್ಯಾಡಿ, ಕೈ ಕೊಡಿ. ಮನೆ ಎದ್ರೆ ಕೆಳಗಿನ ಹಜಾರ ನಮ್ದು. ಗಾಳಿ ಬಂದ್ರೆ ಆ ಬಾಗ್ಲು ನಮಗ್ ತೆರೀತದೆ. ಅವ್ವನ ಗೋರಿ ಆಣೆ."

ಹೆಂಗಸರು ಹವಳಕಲ್ಲು ಸುಟ್ಟರು, ಸುಣ್ಣ ಅರಳಿಸಿದರು, ತಲೆಮೇಲೆ ಹೊತ್ತರು.

ನೀರು ಮುಗಿದಿತ್ತು. ಆತಿಜ ಬಿಂದಿಗೆ ಹಿಡಿದು ಹಜಾರದ ತೊಟ್ಟಿಗೆ ಇಳಿದಳು. ಗೋಡೆಯುದ್ದಕ್ಕೂ ಗಾಜಿನ ಕಪಾಟು ಎದ್ದಿತ್ತು.

"ಇದೇನೋ?"

"ಸಾರಾಯಿ ಇಡಾಕೆ," ಬಡಗಿ ತಲೆಯೆತ್ತದೆ ಹೇಳಿದ. "ಹೋಟ್ಲು ಆಯ್ತದಂತೆ, ಪರದೇಶದೋರಿಗೆ."

ಬಾಗಿಲಿಗೆ ಹೊಸ ಕಬ್ಬಿಣದ ಅಗುಳಿ ಕೂರಿಸುತ್ತಿದ್ದರು. ಅದರ ಒಂದು ತುದಿ ಹಿಡಿದು ನಿಂತಿದ್ದವನು ಅಬಕಾರ.

"ಹಜಾರ ಯಾರ್ದೋ?"

"ಮೇಲಿನೋರು ತೀರ್ಮಾನ ಮಾಡವ್ರೆ ಕಣಕ್ಕ. ನಾನೇನ್ ಮಾಡ್ಲಿ? ನಿಂಗೆ ಇಲ್ಲೇ ಪಾತ್ರೆ ತೊಳ್ಯೋ ಕೆಲ್ಸ ಕೊಡಿಸ್ತೀನಿ."

"ನಿಂಗ್ಯಾವಾಗ ಗೊತ್ತಾಯ್ತು?"

ಅವನು ಅಗುಳಿಯನ್ನೇ ನೋಡಿದ.

"ಸುಣ್ಣ ಸುಡೋಕ್ ಮುಂಚೇನಾ?"

"ಹೂಂ."

"ಏನೇ ಅದು ರಗಳೆ?" ಲೂಸಿಯೊ ಒಳಗೆ ಬಂದ. "ಇವರು ಕಾಲಿಟ್ರೆ ಮೀನ್ ನಾತ ತಿಂಗ್ಳಾದ್ರೂ ಹೋಗಲ್ಲ. ನೀರು ಹೊತ್ಕೊಂಡ್ ಹತ್ತೇ, ಬೋಳಿಮಗಳೆ!"

ಆತಿಜ ಬಿಂದಿಗೆ ತುಂಬಿಕೊಂಡು ಹತ್ತಿದಳು. ಬಿಸಿಲು ನೆತ್ತಿಗೆ ಬಂದಿತ್ತು.

"ಬಾಗ್ಲು ನಮಗಲ್ವಂತೆ," ಎಂದಳು.

"ಯಾವ ಹಲ್ಕಟ್ ನನ್ಮಗ ಅಂದೋನು?" ಮುದುಕಿ ಝಕಿಯ ಕೇಳಿದಳು.

"ನನ್ ತಮ್ಮ."

ಆತಿಜ ಸುಣ್ಣಕ್ಕೆಂದು ತಂದ ನೀರನ್ನು ಬೊಗಸೆಯಲ್ಲಿ ಕುಡಿದಳು. ಬಿಂದಿಗೆಯನ್ನು ಝಕಿಯಳಿಗೆ ದಾಟಿಸಿದಳು. ಅದು ಕೈಯಿಂದ ಕೈಗೆ ಹೋಗಿ ಬರಿದಾಯಿತು. ಹದಿನಾಲ್ಕು ಬಡಿಗೆಗಳು ಮಡಿಲಲ್ಲಿ ಮಲಗಿದವು.

ಕೆಳಗಿನಿಂದ ಕೂಗು, ಬೈಗುಳ. ಯಾರೂ ಏಳಲಿಲ್ಲ. ನೆರಳು ವಾಲುವ ಹೊತ್ತಿಗೆ ಅಬಕಾರ ಏಣಿ ಹತ್ತಿ ಬಂದ.

"ಅಕ್ಕಾ, ಕೈಮುಗೀತೀನಿ, ನನ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ."

ಆತಿಜ ತನ್ನ ಬಡಿಗೆಯನ್ನು ಅವನ ಮುಂದಿಟ್ಟಳು.

"ಬಡಿ."

ಅವನು ಮಂಡಿಯೂರಿ ಬಡಿಯತೊಡಗಿದ. ಒಬ್ಬನೇ, ತಾಳವಿಲ್ಲದೆ. ಒಣಗಿ ಬೆಳ್ಳಗಾದ ಸುಣ್ಣದ ಮೇಲೆ ಕೂದಲೆಳೆಯಷ್ಟು ಬಿರುಕೊಂದು ಮೂಡಿ, ಅವನ ಮಂಡಿಗಳ ನಡುವೆ ಹಾದು, ಕೆಳಗಿನ ಬಾಗಿಲಿನ ದಿಕ್ಕಿಗೆ ಹೊರಟಿತು.