ನಡುವೆ ಬಾಯಿ ಹಾಕುವವಳು

ಅಕ್ಕ ತಂಗಿ ಸೇರಿ ನಡೆಸುತ್ತಿದ್ದ ಹೊಲಿಗೆ ಅಂಗಡಿಯಲ್ಲಿ ಒಬ್ಬರ ಮಾತು ಮುಗಿಯಲೆಂದು ಇನ್ನೊಬ್ಬರು ಕಾದದ್ದೇ ಇಲ್ಲ. ಅಕ್ಕ ‘ಆ ನೀಲಿ ಬಟ್ಟೆದು...’ ಎನ್ನುವಷ್ಟರಲ್ಲಿ ತಂಗಿ ‘ಅಂಚು ತಾನೆ, ಮಡಚಿದೀನಿ’ ಎನ್ನುತ್ತಿದ್ದಳು. ತಂಗಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅಕ್ಕ ಅವಳ ವಾಕ್ಯಕ್ಕೆ ಕ್ರಿಯಾಪದ ಜೋಡಿಸಿ ಆಗಿರುತ್ತಿತ್ತು. ಅಳತೆ ಕೊಡಲು ಬಂದವರು ಯಾರ ಮುಖ ನೋಡಬೇಕೆಂದು ತಿಳಿಯದೆ ಟೇಪನ್ನೇ ನೋಡುತ್ತಿದ್ದರು. ಇಬ್ಬರಿಗೂ ಸೇರಿ ಒಂದೇ ಬಾಯಿ ಸಾಕಿತ್ತು, ಉಳಿದದ್ದನ್ನು ದೇವರು ನನಗಾದರೂ ಕೊಡಬಹುದಿತ್ತು ಎಂದು ಅಕ್ಕನ ಗಂಡ ನಗುತ್ತಿದ್ದ.

ಆ ಗಂಡ ಒಂದು ಮಧ್ಯಾಹ್ನ ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ಅಕ್ಕ ಅಂಗಡಿಗೆ ಮರಳಿದಾಗ ಅವಳಿಗೆ ಅಳುವೂ ಇರಲಿಲ್ಲ, ಹಸಿವೂ ಇರಲಿಲ್ಲ. ಸೂಜಿ ಚುಚ್ಚಿದ್ದು ರಕ್ತ ಕಂಡ ಮೇಲೇ ಗೊತ್ತಾಗುತ್ತಿತ್ತು. ಗಮನಕ್ಕೆ ಬಂದದ್ದು ಒಂದೇ: ಈಗ ಎಲ್ಲರೂ ಅವಳ ಮಾತು ಮುಗಿಯಲೆಂದು ಕಾಯುತ್ತಿದ್ದರು. ಗಿರಾಕಿಗಳು, ಎದುರಂಗಡಿಯವನು, ಕೊನೆಗೆ ತಂಗಿಯೂ. ‘ಆ ಜಿಪ್ಪು...’ ಎಂದು ಅಕ್ಕ ಅರ್ಧಕ್ಕೆ ನಿಲ್ಲಿಸಿದರೆ ತಂಗಿ ಕತ್ತರಿ ಕೆಳಗಿಟ್ಟು ಕೈಕಟ್ಟಿ ಕೂತ ಶಾಲೆ ಹುಡುಗಿಯಂತೆ ನೋಡುತ್ತಿದ್ದಳು. ಹ್ಞೂಂ ಇಲ್ಲ, ಹೌದಾ ಇಲ್ಲ. ಅರ್ಧ ಮಾತಿನಲ್ಲೇ ಬದುಕು ಸಾಗಿಸಿದವಳು ಈಗ ಪೂರ್ತಿ ವಾಕ್ಯ ಹೇಳಬೇಕಾಯಿತು. ಅದರ ಕೊನೆ ಮುಟ್ಟುವಷ್ಟರಲ್ಲಿ ಶುರು ಮಾಡಿದ್ದು ಯಾಕೆಂದೇ ಮರೆಯುತ್ತಿತ್ತು. ಬರಬರುತ್ತ ಮಾತು ಬಿಟ್ಟು, ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೆರೆ ಎಳೆದು ತೋರಿಸತೊಡಗಿದಳು.

ಒಂದು ಬೆಳಿಗ್ಗೆ ಗಂಡನ ಅಂಗಿಗಳನ್ನು ಚೀಲದಲ್ಲಿ ತಂದು ಮೇಜಿನ ಮೇಲಿಟ್ಟಳು.

“ಇವನ್ನ... ಅದೇ, ಇವನ್ನ ಏನ್ ಮಾಡೋದು ಅಂತ...”

ತಂಗಿ ಕಾದಳು. ಹೊರಗೆ ಒಂದು ಲಾರಿ ಹಾದುಹೋಯಿತು. ತಂಗಿ ಇನ್ನೂ ಕಾಯುತ್ತಲೇ ಇದ್ದಳು.

“ನಡುವೆ ಬಾಯಿ ಹಾಕೇ,” ಎಂದಳು ಅಕ್ಕ. “ನೀನ್ ಸುಮ್ನಿದ್ರೆ ನಂಗೆ ಮುಂದಕ್ಕೆ ಹೋಗಕ್ಕೇ ಆಗಲ್ಲ.”

ತಂಗಿ ತಲೆ ತಗ್ಗಿಸಿದಳು. ನೊಂದವರ ಮಾತಿಗೆ ಅಡ್ಡ ಬರಬಾರದೆಂದು ಯಾರೋ ಅವಳಿಗೆ ಹೇಳಿದ್ದರಂತೆ. ಜೊತೆಗೆ, ತಾನು ಮುಗಿಸಹೊರಟ ವಾಕ್ಯದ ಕೊನೆಯಲ್ಲಿ ಭಾವನ ಹೆಸರು ಬಂದುಬಿಟ್ಟರೆ ಎಂಬ ಅಂಜಿಕೆಯೂ ಇತ್ತಂತೆ.

“ಇವು... ಭಾವಂದು, ಅಲ್ವಾ, ನಾನೇನಂದ್ಕೊಂಡೆ ಅಂದ್ರೆ, ಯಾರಿಗಾದ್ರೂ...”

“ಕೊಡಲ್ಲ.”

“ಕೊಡೋದ್ ಬೇಡ, ಅದೇ ಹೇಳಕ್ ಬಂದೆ, ನೀನೇ ಮನೇಲಿ...”

“ಹಾಕ್ಕೊಳಕ್ಕೆ ತೋಳು...”

“ಉದ್ದ ಆದ್ರೆ ಕತ್ತರಿಸಿದ್ರಾಯ್ತು.”

ಅಕ್ಕನಿಗೆ ಅಳು ಬರಲಿಲ್ಲ. ಎದೆಯೊಳಗೆ ಏನೂ ಕದಲಿದಂತಾಗಲಿಲ್ಲ. ಹ್ಞೂಂ ಎಂದಳು, ಅಷ್ಟೇ. ಮೇಲಿದ್ದ ಅಂಗಿಯನ್ನು ಬಿಡಿಸಿ ತಂಗಿಯತ್ತ ತಳ್ಳಿದಳು. ತಂಗಿ ತೋಳಿನ ಹೊಲಿಗೆ ಬಿಚ್ಚುತ್ತ, ಎದುರಂಗಡಿಯವನು ಹೊಸ ಬೋರ್ಡನ್ನು ತಲೆಕೆಳಗಾಗಿ ತೂಗುಹಾಕಿದ ಕತೆ ಶುರು ಮಾಡಿದಳು. ಅದು ಮುಗಿಯುವ ಮೊದಲೇ ಅಕ್ಕ ಯಾವ ಬಣ್ಣದ ದಾರ ಎಂದು ಕೇಳಿದಳು.